ನೆರಳಿನ ವಾಸ್ತು: ಅಹಮದಾಬಾದಿನ ಗಿರಣಿ ಮಾಲೀಕರ ಸಂಘದ ಕಟ್ಟಡ

ಕಾಂಕ್ರೀಟಿನ ಕಚೇರಿಯೊಂದರಲ್ಲಿ ಸೌಂದರ್ಯವನ್ನು ಅರಸುವುದು ನಮ್ಮವರಲ್ಲಿ ಅನೇಕರಿಗೆ ವಿಚಿತ್ರವೆನಿಸಬಹುದು. ಬೇಲೂರು ಹಳೇಬೀಡುಗಳ ಕೆತ್ತನೆಯಲ್ಲಿ ಪಳಗಿದ ಕಣ್ಣು ಅಲಂಕಾರವಿಲ್ಲದ ಗೋಡೆಯನ್ನು ಅಪೂರ್ಣವೆಂದೇ ಬಗೆಯುತ್ತದೆ. ಅಂಥ ಕಣ್ಣಿಗೆ ಅಹಮದಾಬಾದಿನ ಆಶ್ರಮ ರಸ್ತೆಯಲ್ಲಿರುವ ಗಿರಣಿ ಮಾಲೀಕರ ಸಂಘದ ಕಟ್ಟಡ ಒಂದು ಒಳ್ಳೆಯ ಪರೀಕ್ಷೆ. 1954ರಲ್ಲಿ ಮುಗಿದ ಇದನ್ನು ರೂಪಿಸಿದವರು, ಚಂಡೀಗಢದ ನಿರ್ಮಾಣಕ್ಕಾಗಿ 1951ರಲ್ಲಿ ಭಾರತಕ್ಕೆ ಬಂದ ಲ ಕಾರ್ಬುಸಿಯೆ.

ಈ ಕಟ್ಟಡದ ಚೆಲುವೆಲ್ಲ ಅದರ ನೆರಳಿನ ವ್ಯವಸ್ಥೆಯಿಂದ ಹುಟ್ಟಿದ್ದು. ರಸ್ತೆಯತ್ತಣ ಪಶ್ಚಿಮ ಮುಖದಲ್ಲಿ ಆಳವಾದ ಕಾಂಕ್ರೀಟ್ ಫಲಕಗಳು ಓರೆಯಾಗಿ ನಿಂತಿವೆ. ಇಳಿಹೊತ್ತಿನ ಬಿಸಿಲು ಅವುಗಳ ಮೇಲೆಯೇ ತಡೆದು ನಿಲ್ಲುತ್ತದೆ. ಒಳಗಿದ್ದವರ ಕಣ್ಣಿಗೆ ಬೀದಿಯೂ ಮರೆಯಾಗುತ್ತದೆ. ಸಾಬರಮತಿ ನದಿಯತ್ತಣ ಪೂರ್ವ ಮುಖದಲ್ಲಾದರೋ ಅವೇ ಫಲಕಗಳು ನೇರವಾಗಿ ನಿಂತು ಗಾಳಿಗೂ ನೋಟಕ್ಕೂ ದಾರಿ ಬಿಡುತ್ತವೆ. ಉತ್ತರ ದಕ್ಷಿಣಗಳ ಇಟ್ಟಿಗೆಯ ಗೋಡೆಗಳು ಹೆಚ್ಚುಕಡಮೆ ಕುರುಡು. ಉದ್ದನೆಯ ಇಳಿಜಾರು ಹಾದಿಯೊಂದು ನಮ್ಮನ್ನು ಮೆಲ್ಲಗೆ ಮೊದಲ ಮಹಡಿಗೆ ಏರಿಸುತ್ತದೆ. ಇಷ್ಟೆಲ್ಲ ನೇರಗೆರೆಗಳ ನಡುವೆ ಮೇಲಂತಸ್ತಿನ ಸಭಾಭವನ ಮಾತ್ರ ಬಾಗಿದ ಗೋಡೆಗಳನ್ನು ಹೊದ್ದು ಬೇರೆಯೇ ನಿಂತಿದೆ.

ಅದೇ ದಶಕದಲ್ಲಿ, 1956ರಲ್ಲಿ, ಪೂರ್ಣಗೊಂಡ ಬೆಂಗಳೂರಿನ ವಿಧಾನಸೌಧ ಪರಂಪರೆಯನ್ನು ಕಲ್ಲಿನ ಕಂಬ ಗೋಪುರಗಳಲ್ಲಿ ನೆನೆಯಿತು. ಅಹಮದಾಬಾದಿನ ಕಟ್ಟಡ ಪರಂಪರೆಯಿಂದ ನೆರಳನ್ನಷ್ಟೇ ಎರವಲು ಪಡೆಯಿತು. ಈ ಎರಡನೆಯ ಸ್ಮರಣೆಯೇ ಹೆಚ್ಚು ಆಳವಾದುದೆಂದು ನನ್ನ ಅಭಿಮತ. ಬೆಂಗಳೂರಿನ ಸ್ನೇಹಿತರು ಕ್ಷಮಿಸಬೇಕು.

ಆದರೆ ಒಂದು ಆಕ್ಷೇಪಣೆಯನ್ನು ಎತ್ತದಿರಲಾಗದು. ಮಾಲೀಕರು ತಂಪಿನಲ್ಲಿ ಕುಳಿತು ನೋಡಬೇಕೆಂದಿದ್ದ ನೋಟವಾದರೂ ಯಾವುದು? ನದಿಯ ಮರಳಿನಲ್ಲಿ ಬಣ್ಣಗಾರರು ಬಟ್ಟೆ ಒಗೆದು ಒಣಹಾಕುತ್ತಿದ್ದುದು. ವಾಸ್ತುಶಿಲ್ಪಿ ಅದನ್ನು ಮನೋಹರ ದೃಶ್ಯವೆಂದೇ ಎಣಿಸಿದರು. ಬಿಸಿಲನ್ನು ಇಷ್ಟು ಸೂಕ್ಷ್ಮವಾಗಿ ಅರಿತಿದ್ದ ಮನಸ್ಸು, ಆ ಬಿಸಿಲಿನಲ್ಲೇ ನಿಂತವರನ್ನು ಚಿತ್ರದ ಅಂಗವಾಗಿ ಮಾತ್ರ ಕಂಡಿತು. ಇದರಿಂದ ಕಟ್ಟಡದ ಚೆಲುವು ಸುಳ್ಳಾಗುವುದಿಲ್ಲ. ಆ ಚೆಲುವು ಯಾರಿಗಾಗಿ ಏರ್ಪಟ್ಟಿತೆಂಬುದನ್ನು ವಿಮರ್ಶಕನು ಮುಚ್ಚಿಡಬಾರದು, ಅಷ್ಟೆ.

ಮುಂದೆ 1980ರ ದಶಕದಲ್ಲಿ ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚತೊಡಗಿದುವು. ಮುಂಬಯಿಯ ಗಿರಣಗಾಂವನ್ನು ಬಲ್ಲ ನಮ್ಮ ವಾಚಕರಿಗೆ ಆ ಕಥೆಯನ್ನು ವಿವರಿಸಬೇಕಾಗಿಲ್ಲ. 2012ರಲ್ಲಿ ತೆರೆದ ನದೀತೀರದ ವಿಹಾರಪಥಕ್ಕಾಗಿ ದಂಡೆಯುದ್ದಕ್ಕೂ ಗೋಡೆ ಎದ್ದಿತು. ಪೂರ್ವದ ಫಲಕಗಳು ಈಗಲೂ ನದಿಗೆ ತೆರೆದೇ ಇವೆ. ಅವುಗಳ ಎದುರಿಗಿದ್ದ ಮರಳೂ ಇಲ್ಲ, ಬಣ್ಣಗಾರರೂ ಇಲ್ಲ.