ಮೂವತ್ತೆರಡನೇ ವಾರ ಯಾವಾಗ ಬರುತ್ತದೆ?

ರಾಣೆಬೆನ್ನೂರು ಸೀಮೆಯ ಒಕ್ಕಲಿಗರು ಇನ್ನೂ ಮಳೆ ನಕ್ಷತ್ರದ ಲೆಕ್ಕ ಹಿಡಿದು ಕೂತಿದ್ದಾರೆ, ಅದನ್ನು ಬಿಟ್ಟು ವಾರದ ಸಂಖ್ಯೆಗೆ ಬರಬೇಕು ಎನ್ನುವ ಮಾತು ಓದಿಕೊಂಡವರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ವಾರದ ಸಂಖ್ಯೆ ವಿಜ್ಞಾನ, ನಕ್ಷತ್ರ ಬರೀ ಅಂದಾಜು ಎಂಬುದು ಅದರ ತಿರುಳು. ಈ ಮಾತು ಎರಡು ಕಡೆಯೂ ತಪ್ಪು. ವಾರದ ಸಂಖ್ಯೆ ತನ್ನಷ್ಟಕ್ಕೆ ನಿಖರವಲ್ಲ. ಮಳೆ ನಕ್ಷತ್ರ ನಾವು ತಿಳಿದಷ್ಟು ಸಡಿಲವೂ ಅಲ್ಲ.

ಮಾತು ಗಾಳಿಯಲ್ಲಿ ಉಳಿಯಬಾರದು, ಒಂದು ವಾರವನ್ನೇ ಹಿಡಿದು ನೋಡೋಣ. ಬೆಳೆಗೆ ಬೀಳುವ ಹುಳದ ಬಗ್ಗೆ ಬರೆಯುವ ಸಂಶೋಧಕರು ಹಾವಳಿಯ ಕಾಲವನ್ನು ‘ಪ್ರಮಾಣಿತ ಹವಾಮಾನ ವಾರ’ದಲ್ಲಿ ಹೇಳುವುದು ರೂಢಿ. 2018ರಲ್ಲಿ ಫಾಲ್ ಸೈನಿಕ ಹುಳು ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಗೋವಿನಜೋಳ ಬೆಳೆಯುವ ಹಾವೇರಿ ಜಿಲ್ಲೆಯಲ್ಲಿ ಇಂಥ ಬರಹಕ್ಕೆ ಬೆಲೆ ಬಂದಿದೆ. ‘32ನೇ ವಾರದಲ್ಲಿ ಹೊಲ ನೋಡಿ’ ಎಂಬ ಸಾಲು ಒಬ್ಬ ರೈತನ ಕೈಗೆ ಬಂತು ಎನ್ನಿ. 2026ರಲ್ಲಿ ಅವನು ಯಾವತ್ತು ಹೊಲಕ್ಕೆ ಇಳಿಯಬೇಕು?

ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜನವರಿ 1ರಿಂದ 7ರವರೆಗೆ ಮೊದಲನೇ ವಾರ, ಅಲ್ಲಿಂದ ಏಳೇಳು ದಿನ. ವರ್ಷದ ಕೊನೆಯಲ್ಲಿ ಮಿಗುವ ಒಂದು ದಿನ 52ನೇ ವಾರಕ್ಕೆ ಸೇರುತ್ತದೆ, ಹಾಗಾಗಿ ಅದಕ್ಕೆ ಎಂಟು ದಿನ. ಅಧಿಕ ವರ್ಷದ ಫೆಬ್ರವರಿ 29 ಒಂಬತ್ತನೇ ವಾರದೊಳಗೇ ಕರಗಿಹೋಗುತ್ತದೆ, ಆ ವರ್ಷ ಅದಕ್ಕೂ ಎಂಟು ದಿನ. ಹೀಗೆ ಮಾಡಿದ್ದರಿಂದ ಮಾರ್ಚ್ 5ರ ನಂತರ ಯಾವ ವರ್ಷ ನೋಡಿದರೂ ವಾರ ಮತ್ತು ತಾರೀಖು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. 32ನ್ನು ಏಳರಿಂದ ಗುಣಿಸಿ, 224. ಫೆಬ್ರವರಿಗೆ 28 ದಿನ ಹಿಡಿದು ಎಣಿಸಿದರೆ 224ನೇ ದಿನ ಆಗಸ್ಟ್ 12. ಅಂದರೆ 32ನೇ ವಾರ ಪ್ರತಿ ವರ್ಷವೂ ಆಗಸ್ಟ್ 6ರಿಂದ 12.

ಇನ್ನು ಅಂತರರಾಷ್ಟ್ರೀಯ ಮಾನಕ ಐಎಸ್ಒ 8601. ಇಲ್ಲಿ ವಾರ ಸೋಮವಾರ ಶುರುವಾಗುತ್ತದೆ, ಮತ್ತು ಅದರ ಗುರುವಾರ ಯಾವ ವರ್ಷದಲ್ಲಿ ಬಿತ್ತೋ ಆ ವರ್ಷಕ್ಕೆ ಆ ವಾರ ಸೇರುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ವಹಿವಾಟು ನಡೆಯುವ ದಿನಗಳೂ ಸೋಮವಾರ, ಗುರುವಾರವೇ ಆದ್ದರಿಂದ ಅಲ್ಲಿಯವರಿಗೆ ಇದನ್ನು ನೆನಪಿಡುವುದು ಸುಲಭ. ವರ್ಷದ ಮೊದಲ ಗುರುವಾರದ ಮಾರುಕಟ್ಟೆ ಇರುವ ವಾರವೇ ಒಂದನೇ ವಾರ. ಲೆಕ್ಕ ಹಾಕಲು ಜನವರಿ 4 ಇರುವ ವಾರದ ಸೋಮವಾರ ಹಿಡಿದು, ಬೇಕಾದ ವಾರದ ಸಂಖ್ಯೆಯಲ್ಲಿ ಒಂದು ಕಳೆದು, ಏಳರಿಂದ ಗುಣಿಸಿ ಕೂಡಿಸಬೇಕು. 2026ಕ್ಕೆ ಆ ಸೋಮವಾರ ಹಿಂದಿನ ವರ್ಷದ ಡಿಸೆಂಬರ್ 29. ಅದಕ್ಕೆ 217 ದಿನ ಕೂಡಿಸಿದರೆ 32ನೇ ವಾರ ಆಗಸ್ಟ್ 3ರಿಂದ 9.

ಮೂರನೆಯ ಲೆಕ್ಕ ಪಿ.ಬಿ. ರಸ್ತೆಯಲ್ಲಿ ಓಡಾಡುವ ಲಾರಿಗಳ ಟೈರಿನ ಮೇಲಿದೆ. ‘ಡಾಟ್’ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕೆಗಳಲ್ಲಿ ಮೊದಲಿನ ಎರಡು ವಾರ, ಕಡೆಯ ಎರಡು ವರ್ಷ. 3226 ಎಂದಿದ್ದರೆ 2026ರ 32ನೇ ವಾರ. ಈ ಗುರುತಿನ ಅಮೆರಿಕನ್ ನಿಯಮದ ಪ್ರಕಾರ ವಾರ ಭಾನುವಾರ ಹುಟ್ಟುತ್ತದೆ, ವರ್ಷದ ಮೊದಲ ಪೂರ್ಣ ವಾರವೇ ಒಂದನೆಯದು. ಹಾಗೆ ಎಣಿಸಿದರೆ ಆಗಸ್ಟ್ 9ರಿಂದ 15. ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ‘ವೀಕ್‌ನಮ್’ ಸೂತ್ರವನ್ನು ಏನೂ ಬದಲಿಸದೆ ಬಳಸಿದರೆ ಜನವರಿ 1 ಇರುವ ತುಂಡು ವಾರವೂ ಒಂದು ವಾರವೇ. ಆಗ ಅದೇ 32 ಆಗಸ್ಟ್ 2ರಿಂದ 8 ಆಗುತ್ತದೆ.

ಒಂದೇ ಸಂಖ್ಯೆಗೆ ನಾಲ್ಕು ಉತ್ತರ. ನಾಲ್ಕೂ ತಮ್ಮ ತಮ್ಮ ನಿಯಮಕ್ಕೆ ಸರಿ. ಯಾವ ಲೆಕ್ಕದ ವಾರ ಎಂದು ಹೇಳದೆ ಬರೀ ‘32ನೇ ವಾರ’ ಎಂದರೆ ಅದು ಆಗಸ್ಟ್ 2ರಿಂದ 15ರ ನಡುವಿನ ಯಾವ ದಿನವಾದರೂ ಆಗಬಹುದು, ಒಟ್ಟು ಹದಿನಾಲ್ಕು ದಿನ. ಆಶ್ಲೇಷ ಮಳೆ ಕೂಡುವುದು ಆಗಸ್ಟ್ 3ರ ಸುಮಾರಿಗೆ, ಮುಗಿಯುವುದು 16ರ ಹೊತ್ತಿಗೆ. ಅಂದಾಜು ಎಂದು ನಾವು ತಳ್ಳಿಹಾಕುವ ಒಂದು ಮಳೆಯ ಅಗಲ ಎಷ್ಟೋ, ನಿಖರ ಎಂದು ಹೊಗಳುವ ಹೆಸರಿಲ್ಲದ ವಾರದ ಸಂಖ್ಯೆಯ ಅಗಲವೂ ಅಷ್ಟೇ.

ಮಳೆ ನಕ್ಷತ್ರ ಪಂಚಾಂಗದ್ದು, ಪಂಚಾಂಗ ವರ್ಷ ವರ್ಷ ಜಾರುತ್ತದೆ, ಆದ್ದರಿಂದ ಅದನ್ನು ನಂಬಿ ಬಿತ್ತಲಾಗದು ಎನ್ನುವವರಿದ್ದಾರೆ. ಜಾರುವುದು ಚಂದ್ರನ ತಿಥಿ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಎರಡು ವರ್ಷದಲ್ಲಿ ಮೂರು ವಾರದ ವ್ಯತ್ಯಾಸ. ಮಳೆ ನಕ್ಷತ್ರಕ್ಕೆ ಚಂದ್ರನ ಸಂಬಂಧವೇ ಇಲ್ಲ. ಸೂರ್ಯನ ಹಾದಿಯನ್ನು ಇಪ್ಪತ್ತೇಳು ಸಮಪಾಲು ಮಾಡಿ, ಒಂದೊಂದು ಪಾಲನ್ನು ಸೂರ್ಯ ದಾಟಲು ತೆಗೆದುಕೊಳ್ಳುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದು ಮಳೆ ಎಂದು ಹೆಸರಿಟ್ಟಿದ್ದಾರೆ. ರೋಹಿಣಿ ಮೇ 25ರ ಸುಮಾರು, ಮಿರಗ ಜೂನ್ 8ರ ಸುಮಾರು, ಆರಿದ್ರಾ ಜೂನ್ 22ರ ಸುಮಾರು. ಒಂದು ದಿನ ಆಚೀಚೆ ಆದೀತು, ಹೆಚ್ಚಿಲ್ಲ. ಋತುಗಳಿಗೆ ಹೋಲಿಸಿದರೆ ಈ ಲೆಕ್ಕ ಒಂದು ದಿನ ಹಿಂದೆ ಬೀಳಲು ಸುಮಾರು ಎಪ್ಪತ್ತು ವರ್ಷ ಬೇಕು. ಅಜ್ಜ ಬಿತ್ತಿದ ಮಿರಗಕ್ಕೂ ಮೊಮ್ಮಗ ಬಿತ್ತುವ ಮಿರಗಕ್ಕೂ ಒಂದು ದಿನದ ಅಂತರ. ಹವಾಮಾನ ಇಲಾಖೆಯ ವಾರ ಎಷ್ಟು ಗಟ್ಟಿಯೋ, ರೈತನ ಒಂದು ಆಯುಷ್ಯದ ಮಟ್ಟಿಗೆ ಇದೂ ಅಷ್ಟೇ ಗಟ್ಟಿ.

ನಕ್ಷತ್ರದ ಪರ ಮಾತಾಡುವವರಿಗೂ ಒಂದು ಮಾತು ಹೇಳಲೇಬೇಕು. ಇದು ಕ್ಯಾಲೆಂಡರು, ಮುನ್ಸೂಚನೆ ಅಲ್ಲ. ಮಿರಗ ಕೂಡಿತು ಎಂದ ಮಾತ್ರಕ್ಕೆ ಮಳೆ ಬಂದೇ ಬರಬೇಕಿಲ್ಲ. ಪಂಚಾಂಗದಲ್ಲಿ ಇಂಥ ಮಳೆಗೆ ಇಂಥ ಪ್ರಾಣಿ ವಾಹನ, ಆದ್ದರಿಂದ ಈ ಸಲ ಇಷ್ಟು ಮಳೆ ಎನ್ನುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ, ಅದನ್ನು ನಂಬಿ ಬೀಜ ಚೆಲ್ಲಿ ಕಳೆದುಕೊಂಡವರ ಬಗ್ಗೆ ನನಗೆ ಸಂಕಟವಿದೆ. ಆದರೆ ಭವಿಷ್ಯ ಸುಳ್ಳಾಯಿತು ಎಂದು ದಿನದ ಲೆಕ್ಕವನ್ನೂ ಎಸೆಯುವುದು ಬೇರೆ ತಪ್ಪು.

ಟೈರಿಗೆ ವಾರದ ಸಂಖ್ಯೆ ಸಾಕು. ಒಂದು ವಾರ ಹಿಂದೆ ಮುಂದೆ ತಯಾರಾದರೆ ಕೊಂಡವನಿಗೆ ನಷ್ಟವಿಲ್ಲ. ರಾಣೆಬೆನ್ನೂರು ಹೆಸರು ಮಾಡಿರುವ ಹೈಬ್ರಿಡ್ ಬೀಜೋತ್ಪಾದನೆಯ ಕತೆ ಹಾಗಲ್ಲ. ಟೊಮೆಟೊ ಬೀಜದ ಹೊಲವನ್ನೇ ನೋಡಿ. ಮಾರನೆಯ ದಿನ ಅರಳುವ ಮೊಗ್ಗನ್ನು ಹೆಣ್ಣಾಳು ಸಂಜೆ ಹೊತ್ತಿಗೆ ಆರಿಸಿಕೊಂಡು, ಚಿಮಟದಿಂದ ಬಿಡಿಸಿ, ಒಳಗಿನ ಹಳದಿ ಕೇಸರದ ಕೊಳವೆಯನ್ನು ಶಲಾಕೆಗೆ ಪೆಟ್ಟಾಗದಂತೆ ಎತ್ತಿಹಾಕುತ್ತಾಳೆ. ಬೆಳಿಗ್ಗೆ ಬಂದು ಗಂಡು ಗಿಡದ ಪರಾಗ ಮುಟ್ಟಿಸುತ್ತಾಳೆ. ಮುಟ್ಟಿಸಿದ ಹೂವಿನ ಎರಡು ಹಸಿರು ಎಸಳು ಕತ್ತರಿಸಿ ಗುರುತು ಇಡುತ್ತಾಳೆ, ಹಣ್ಣು ಕೊಯ್ಯುವಾಗ ಆ ಗುರುತು ಇಲ್ಲದ ಕಾಯಿ ಬೀಜಕ್ಕೆ ಹೋಗುವುದಿಲ್ಲ. ಇಷ್ಟೆಲ್ಲ ನಡೆಯಬೇಕಾದರೆ ಆ ಬೆಳಿಗ್ಗೆ ಗಂಡು ಸಾಲಿನಲ್ಲಿ ಹೂವು ಇರಬೇಕು. ಅದಕ್ಕೇ ಗಂಡು ಸಾಲನ್ನು ಮೊದಲೇ ಬಿತ್ತುವುದು. ಯುರೋಪಿನ ತೋಟಗಾರಿಕೆಯಲ್ಲಿ ನಾಟಿ, ಕಟಾವು ಎಲ್ಲವನ್ನೂ ವಾರದ ಸಂಖ್ಯೆಯಲ್ಲೇ ಹೇಳುವ ಅಭ್ಯಾಸವಿದೆ, ಅಲ್ಲಿ ಎಲ್ಲರೂ ಐಎಸ್ಒ ವಾರ ಬಲ್ಲರು. ಅಂಥ ಒಂದು ಪಟ್ಟಿ ಇಲ್ಲಿಗೆ ಬಂದು, ಹೆಣ್ಣು ಸಾಲಿನ ವಾರವನ್ನು ಒಬ್ಬರು ಎಕ್ಸೆಲ್‌ನಲ್ಲಿ, ಗಂಡು ಸಾಲಿನ ವಾರವನ್ನು ಇನ್ನೊಬ್ಬರು ಹವಾಮಾನ ಇಲಾಖೆಯ ಪಟ್ಟಿಯಲ್ಲಿ ತಾರೀಖಿಗೆ ಇಳಿಸಿದರೆ 2026ರ 32ನೇ ವಾರಕ್ಕೆ ನಾಲ್ಕು ದಿನ ತಪ್ಪುತ್ತದೆ. ಮೊಗ್ಗು ಬಿಡಿಸುವವರ ಕೂಲಿ ಅಷ್ಟು ದಿನ ಕಾಯುವುದಿಲ್ಲ, ಅರಳಿದ ಹೂವೂ ಕಾಯುವುದಿಲ್ಲ. ನಷ್ಟ ಬೀಳುವುದು ಹೊಲದವನ ಮೇಲೆ.

ವಾರದ ಸಂಖ್ಯೆ ಬೇಡವೇ ಬೇಡ ಎನ್ನುವುದು ನನ್ನ ವಾದವಲ್ಲ. ಮೂವತ್ತು ವರ್ಷದ ಮಳೆಯನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಹವಾಮಾನ ವಾರದಷ್ಟು ಒಳ್ಳೆಯ ಅಳತೆ ಸಿಗುವುದು ಕಷ್ಟ, ಅದು ತಾರೀಖು ಬಿಟ್ಟು ಕದಲುವುದಿಲ್ಲವಾದ್ದರಿಂದ. ಐಎಸ್ಒ ವಾರ ಕಾರ್ಖಾನೆಗೆ, ಸಂಬಳದ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು, ಅಲ್ಲಿ ಸೋಮವಾರದಿಂದ ಭಾನುವಾರದ ಇಡೀ ವಾರ ಮುಖ್ಯ. ಲೆಕ್ಕಗಾರನ ಅನುಕೂಲಕ್ಕೆ ಹುಟ್ಟಿದ ಸಂಖ್ಯೆಯನ್ನು ತಾರೀಖಿಗೆ ತಿರುಗಿಸುವ ಹೊರೆ ಹೊಲದಲ್ಲಿ ನಿಂತವನ ತಲೆಗೆ ಬೀಳುವುದನ್ನು ಮಾತ್ರ ನಾನು ಒಪ್ಪಲಾರೆ. ಆ ಕೆಲಸ ಬರೆಯುವವರದು. ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಕೃಷಿ ಕಾಲೇಜಿದೆ. ಅಲ್ಲಿಂದ ಹೊರಡುವ ಕರಪತ್ರವಾಗಲಿ, ಬೀಜೋತ್ಪಾದನೆಯ ಕರಾರಾಗಲಿ, ‘ಆಗಸ್ಟ್ 6ರಿಂದ 12, ಆಶ್ಲೇಷ ಮಳೆ, 32ನೇ ಹವಾಮಾನ ವಾರ’ ಎಂದು ತಾರೀಖನ್ನು ಮುಂದಿಟ್ಟು ಬರೆದರೆ ಓದುವವರು ಏನನ್ನೂ ಗುಣಿಸಬೇಕಿಲ್ಲ.

ಇದನ್ನು 2027ರ ಪಟ್ಟಿಗಳು ತಯಾರಾಗುವ ಮೊದಲೇ ಮಾಡಬೇಕು. ಐಎಸ್ಒ ಲೆಕ್ಕದಲ್ಲಿ 2026ಕ್ಕೆ 53 ವಾರ. ಕೊನೆಯದು ಡಿಸೆಂಬರ್ 28ಕ್ಕೆ ಶುರುವಾಗಿ 2027ರ ಜನವರಿ 3ರವರೆಗೆ ನಡೆಯುತ್ತದೆ. ಈ ಹೆಚ್ಚಿನ ವಾರದಿಂದಾಗಿ 2026ರಲ್ಲಿ ಆಗಸ್ಟ್ 3ಕ್ಕೆ ಶುರುವಾಗುವ 32ನೇ ವಾರ 2027ರಲ್ಲಿ ಆಗಸ್ಟ್ 9ಕ್ಕೆ ಹೋಗುತ್ತದೆ. ಹಿಂದಿನ ವರ್ಷದ ಪಟ್ಟಿಯಲ್ಲಿ ವರ್ಷವನ್ನಷ್ಟೇ ತಿದ್ದಿ ವಾರದ ಸಂಖ್ಯೆಗಳನ್ನು ಹಾಗೇ ಉಳಿಸಿಕೊಂಡವರ ಹೊಲದಲ್ಲಿ ಬಿತ್ತನೆ, ನಾಟಿ, ಮೊಗ್ಗು ಬಿಡಿಸುವುದು ಎಲ್ಲವೂ ಆರು ದಿನ ತಡವಾಗುತ್ತವೆ.