ಹೆಬ್ಬಾತಿನ ಕತ್ತು ನೋಡಲು ಕಲಿಯಿರಿ

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದವರಿಗೆ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಕಾಣುತ್ತದೆ, ಬಾಣಂತನ ಕಾಣುವುದಿಲ್ಲ. ಅವು ಗೂಡು ಕಟ್ಟುವುದು ಲಡಾಖ್, ಟಿಬೆಟ್, ಮಂಗೋಲಿಯಾಗಳಲ್ಲಿ. ಆದರೆ ಏಪ್ರಿಲ್ ಹೊತ್ತಿಗೆ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ವಾಕಿಂಗ್ ದಾರಿಯ ಕೊಳದಲ್ಲೇ ಹೆಬ್ಬಾತಿನ ಸಂಸಾರ ನೋಡಸಿಗುತ್ತದೆ. ಕಪ್ಪು ಕತ್ತು, ಗಲ್ಲದಡಿಯಿಂದ ಎರಡೂ ಕೆನ್ನೆಗೆ ಹಬ್ಬಿದ ಬಿಳಿ ಪಟ್ಟಿ ಇದ್ದರೆ ಅದು ಕೆನಡಾ ಹೆಬ್ಬಾತು.

ಹೊಸಬರು ಮೊದಲು ಗೂಡು ಹುಡುಕುತ್ತಾರೆ. ಹುಡುಕಬೇಕಾದ್ದು ಗಂಡನ್ನು. ಮೇಯುವುದು ಬಿಟ್ಟು, ಕತ್ತು ನೆಟ್ಟಗೆ ಮಾಡಿ ಒಂಟಿಯಾಗಿ ನಿಂತ ಹಕ್ಕಿ ಕಂಡರೆ, ಅಲ್ಲೇ ಎಲ್ಲೋ ಹೆಣ್ಣು ಕಾವಿಗೆ ಕೂತಿರಬೇಕು. ಗಂಡು ಕಾವು ಕೊಡುವುದಿಲ್ಲ, ಪಹರೆ ಅದರ ಪಾಲು. ನೀರಿನಂಚಿನ ದಿಬ್ಬದಲ್ಲಿ ಹುಲ್ಲಿನ ಗೂಡು, ಒಳಗೆ ಹೆಣ್ಣು ತನ್ನ ಮೈಯಿಂದಲೇ ಕಿತ್ತು ಹಾಸಿದ ತುಪ್ಪುಳ, ಅದರಲ್ಲಿ ಸಾಮಾನ್ಯವಾಗಿ ಐದಾರು ಮೊಟ್ಟೆ.

ಇನ್ನು ಕತ್ತುಗಳನ್ನು ಗಮನಿಸಿ. ಹೆಣ್ಣು ಕತ್ತನ್ನು ನೆಲಕ್ಕೊತ್ತಿ ಮಲಗಿದರೆ ಅದು ನಿದ್ದೆಯಲ್ಲ. ನೀವು ತೀರಾ ಹತ್ತಿರ ಬಂದಿರಿ, ಅಡಗುತ್ತಿದೆ. ಗಂಡು ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ಎಚ್ಚರಿಕೆ. ಕತ್ತು ಮುಂದಕ್ಕೆ ಚಾಚಿ ಬುಸುಗುಟ್ಟಿದರೆ ಕೊನೆಯ ಎಚ್ಚರಿಕೆ. ಆಗ ಓಡಬೇಡಿ, ಅದರತ್ತ ಮುಖ ಮಾಡಿಕೊಂಡೇ ಹಿಂದೆ ಸರಿಯಿರಿ. ಅತಿಕ್ರಮಿಸಿದ ಹಕ್ಕಿಯನ್ನು ಅಟ್ಟಿದ ಗಂಡು ಸೀದಾ ಹೆಣ್ಣಿನ ಬಳಿ ಹೋಗುತ್ತದೆ. ಎರಡೂ ಕತ್ತು ಚಾಚಿ ಒಟ್ಟಿಗೆ ಕೂಗುತ್ತವೆ. ರಸಿಕರು ಕಾಯಬೇಕಾದ್ದು ಈ ಗಳಿಗೆಗೆ.

ಬ್ರೆಡ್ ಹಾಕಬೇಡಿ. ಮೊಟ್ಟೆ ಮುಟ್ಟಲೇಬೇಡಿ, 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆ ಅದಕ್ಕಿದೆ. ಬೈನಾಕ್ಯುಲರ್ ಮತ್ತು ಕ್ಯಾಲೆಂಡರ್ ಸಾಕು. ಕೊನೆಯ ಮೊಟ್ಟೆ ಇಡುವವರೆಗೆ ಹೆಣ್ಣು ಕಾವಿಗೆ ಕೂರುವುದಿಲ್ಲ. ಆದ್ದರಿಂದಲೇ ಮರಿಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೆ ಹೊರಬರುತ್ತವೆ. ಅದು ಬಿಡದೆ ಕೂತ ಮೊದಲ ದಿನಕ್ಕೆ ಗುರುತು ಹಾಕಿ, 25ರಿಂದ 28 ದಿನ ಎಣಿಸಿ. ಆ ವಾರ ವಾಕಿಂಗ್ ತಪ್ಪಿಸಬೇಡಿ. ಒಂದೆರಡು ದಿನದಲ್ಲೇ ಮರಿಗಳು ಗೂಡು ಬಿಟ್ಟು ನೀರಿಗಿಳಿಯುತ್ತವೆ.

ಮರಿಗಳಿಗೆ ಹಾರಲು ಬಾರದ ದಿನಗಳಲ್ಲೇ ತಂದೆತಾಯಿಯ ರೆಕ್ಕೆಯ ಗರಿಗಳೂ ಉದುರುತ್ತವೆ. ಅವಕ್ಕೆ ಹೊಸ ಗರಿ ಬಲಿಯುವ ಹೊತ್ತಿಗೆ ಇವಕ್ಕೂ ರೆಕ್ಕೆ ಬಲಿತಿರುತ್ತದೆ. ಊರಿಗೆ ಮರಳುವ ಟಿಕೆಟ್ ಜುಲೈ ಕೊನೆಗಿದ್ದರೆ, ಇಡೀ ಸಂಸಾರ ಹಾರುವುದನ್ನು ನೋಡಿಕೊಂಡೇ ವಿಮಾನ ಹತ್ತಬಹುದು.