ಸೋಡಾ ಸರಿ, ಸುತ್ತಿಗೆ ತಪ್ಪು

ಮಾಗಡಿ ತಾಲ್ಲೂಕಿನ ಕುದೂರಿನಂಥ ಹೋಬಳಿ ಊರಿನಲ್ಲಿ ಟ್ರ್ಯಾಕ್ಟರಿನದೋ ಹಾಲಿನ ವ್ಯಾನಿನದೋ ಬ್ಯಾಟರಿ ಪೆಟ್ಟಿಗೆ ತೆರೆದು ನೋಡಿ. ಹಳೆಯ ಗಾಡಿಯಾದರೆ ಟರ್ಮಿನಲ್ ಮೇಲೆ ನೀಲಿ-ಬಿಳಿ ಪುಡಿಯ ಗುಡ್ಡೆ ಕಂಡೇ ಕಾಣುತ್ತದೆ. ಅದಕ್ಕೆ ಮದ್ದೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಒಂದು ಚೊಂಬು ಬಿಸಿನೀರು, ಪಕ್ಕದ ಹೋಟೆಲಿನಿಂದ ತಂದ ಅಡುಗೆ ಸೋಡಾ, ಸ್ಯಾಂಡ್‌ಪೇಪರಿನ ತುಂಡು, ಬೆರಳ ತುಂಬ ಗ್ರೀಸ್, ಕೊನೆಗೆ ಕ್ಲ್ಯಾಂಪಿನ ನೆತ್ತಿಗೆ ಸುತ್ತಿಗೆಯ ಎರಡೇಟು. ಸೆಲ್ಫ್ ಹೊಡೆಯುತ್ತದೆ, ಗಾಡಿ ಹೊರಡುತ್ತದೆ. ಕೆಲವೇ ತಿಂಗಳಲ್ಲಿ ಪುಡಿ ಮತ್ತೆ ಎದ್ದಿರುತ್ತದೆ.

ಇದನ್ನು ಹಳ್ಳಿ ರಿಪೇರಿ ಎಂದು ನಕ್ಕು ತಳ್ಳಿಹಾಕುವವರ ಜತೆ ನಾನಿಲ್ಲ. ಈ ವಾಡಿಕೆಯ ಒಂದು ಭಾಗದಲ್ಲಿ ಅಪ್ಪಟ ರಸಾಯನಶಾಸ್ತ್ರವಿದೆ. ನನ್ನ ತಕರಾರು ಉಳಿದರ್ಧದ ಮೇಲೆ. ಕಿಲುಬು ತೊಳೆಯುವಾಗ ತೋರುವ ಜಾಣತನ ಅದನ್ನು ತಡೆಯುವಾಗ ಕಾಣುವುದಿಲ್ಲ. ತಡೆಯಲೆಂದು ಮಾಡುವ ಕೆಲಸಗಳೇ ಎಷ್ಟೋ ಸಲ ಮುಂದಿನ ಕಿಲುಬಿಗೆ ಬೀಜ ಬಿತ್ತುತ್ತವೆ.

ಮೊದಲು ಈ ಪುಡಿ ಎಲ್ಲಿಂದ ಬರುತ್ತದೆ ಎಂದು ನೋಡೋಣ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ ಸೀಸ-ಆಮ್ಲದ ಬ್ಯಾಟರಿಯ ಮೂಲ ಸ್ವಭಾವ ಇಂದಿಗೂ ಬದಲಾಗಿಲ್ಲ. ಸೀಸದ ಪ್ಲೇಟುಗಳು, ನಡುವೆ ಸಲ್ಫ್ಯೂರಿಕ್ ಆಮ್ಲ. ಚಾರ್ಜ್ ಹೆಚ್ಚಾದಾಗ ಒಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಅನಿಲಗಳಾಗಿ ಏಳುತ್ತದೆ. ಆ ಗುಳ್ಳೆಗಳ ಜತೆ ಆಮ್ಲದ ಸಣ್ಣ ತುಂತುರು ಮುಚ್ಚಳದ ತೂತಿನಿಂದ ಹೊರಬಂದು ಮೇಲೆಲ್ಲ ಕೂರುತ್ತದೆ. ಟರ್ಮಿನಲ್ ಕಂಬ ಪ್ಲಾಸ್ಟಿಕ್ ಮುಚ್ಚಳವನ್ನು ಸೇರುವ ಜಾಗದಲ್ಲಿ ಸೀಲ್ ಸಡಿಲವಾಗಿದ್ದರಂತೂ ಆಮ್ಲ ಕಂಬವನ್ನು ಹಿಡಿದು ತಾನೇ ಮೇಲೇರುತ್ತದೆ. ಅದು ಸೀಸಕ್ಕೆ ತಾಗಿದರೆ ಬಿಳಿಯ ಲೆಡ್ ಸಲ್ಫೇಟ್, ತಾಮ್ರದ ವೈರಿಗೋ ಹಿತ್ತಾಳೆ ಕ್ಲ್ಯಾಂಪಿಗೋ ತಾಗಿದರೆ ನೀಲಿಯ ಮೈಲುತುತ್ತ. ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಕಲಸುವ ಮೈಲುತುತ್ತವೇ ಇದು.

ಲೈಟು ಝಗಝಗ ಉರಿಯುತ್ತದೆ, ಹಾರ್ನ್ ಬಡಿಯುತ್ತದೆ, ಸೆಲ್ಫ್ ಮಾತ್ರ ‘ಟಕ್’ ಅಂದು ಸುಮ್ಮನಾಗುತ್ತದೆ. ಗಾಡಿಯವರು ತಲೆ ಕೆಡಿಸಿಕೊಳ್ಳುವ ಈ ಒಗಟಿಗೆ ಒಂದು ಸಣ್ಣ ಲೆಕ್ಕ ಸಾಕು. ಕಂಬಕ್ಕೂ ಕ್ಲ್ಯಾಂಪಿಗೂ ನಡುವಿನ ಕಿಲುಬು ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಒಡ್ಡಿತು ಅನ್ನಿ. 5 ಆಂಪಿಯರ್ ಎಳೆಯುವ ಹೆಡ್‌ಲೈಟಿಗೆ ಅಲ್ಲಿ ನಷ್ಟವಾಗುವುದು 0.05 ವೋಲ್ಟ್, ಯಾರಿಗೂ ಗೊತ್ತಾಗದಷ್ಟು. 200 ಆಂಪಿಯರ್ ಬೇಡುವ ಸ್ಟಾರ್ಟರ್ ಮೋಟರಿಗೆ ಅದೇ ತಡೆಯಲ್ಲಿ 2 ವೋಲ್ಟ್ ಹೋಗುತ್ತದೆ. ಹನ್ನೆರಡರಲ್ಲಿ ಎರಡು ಹೋದರೆ ಡೀಸೆಲ್ ಎಂಜಿನ್ ತಿರುಗುವುದು ಕಷ್ಟ. ಆ 400 ವ್ಯಾಟ್ ಶಕ್ತಿಯೆಲ್ಲ ಟರ್ಮಿನಲ್‌ನಲ್ಲಿ ಬಿಸಿಯಾಗಿ ಖರ್ಚಾಗುತ್ತದೆ. ಸೆಲ್ಫ್ ಹೊಡೆದ ಮೇಲೆ ಕ್ಲ್ಯಾಂಪ್ ಮುಟ್ಟಿ ನೋಡುವ ಹಳೆಯ ಮೆಕ್ಯಾನಿಕ್ಕುಗಳು ಹುಡುಕುವುದು ಈ ಬಿಸಿಯನ್ನೇ. ಎಷ್ಟೋ ಬ್ಯಾಟರಿಗಳು ಸಾಯುವ ಮುಂಚೆಯೇ ಗುಜರಿಗೆ ಹೋಗುವುದು ಈ ಲೆಕ್ಕ ಗೊತ್ತಿಲ್ಲದೆ.

ಈಗ ಸೋಡಾ. ಇದಕ್ಕೆ ಪೂರ್ತಿ ಅಂಕ ಕೊಡಬೇಕು. ಅಡುಗೆ ಸೋಡಾ ಆಮ್ಲವನ್ನು ಕೊಂದು ಉಪ್ಪು, ನೀರು, ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಬುಸುಗುಟ್ಟುವ ನೊರೆಯೇ ಅದರ ಸಾಕ್ಷಿ. ಮತ್ತೆ ಸೋಡಾ ಹಾಕಿದರೂ ನೊರೆ ಏಳದಿದ್ದರೆ ಆಮ್ಲ ಮುಗಿಯಿತು ಎಂದರ್ಥ. ಅಳತೆ ಮಾಡುವ ಉಪಕರಣವೇ ಬೇಡದ ಇಂಥ ಪರೀಕ್ಷೆ ದೊಡ್ಡ ವರ್ಕ್‌ಶಾಪಿನಲ್ಲೂ ಇಲ್ಲ. ಬರೀ ಬಿಸಿನೀರು ಸುರಿಯುವವರು ಇದನ್ನು ಕಳೆದುಕೊಳ್ಳುತ್ತಾರೆ. ಮೈಲುತುತ್ತ ನೀರಿನಲ್ಲಿ ಕರಗಿಹೋಗುತ್ತದೆ, ನೋಡುವ ಕಣ್ಣಿಗೆ ಟರ್ಮಿನಲ್ ಚೊಕ್ಕವಾಗಿದೆ. ಆಮ್ಲ ಮಾತ್ರ ತೆಳ್ಳಗಾಗಿ ಕೆಳಗಿನ ಕಬ್ಬಿಣದ ಟ್ರೇಗೆ ಇಳಿದಿರುತ್ತದೆ, ಮುಂದೆ ಅಲ್ಲಿ ತುಕ್ಕು. ಸೋಡಾ ಬಳಸುವಾಗ ಒಂದೇ ಎಚ್ಚರ: ಮುಚ್ಚಳಗಳು ಬಿಗಿಯಾಗಿರಬೇಕು, ತೂತುಗಳು ಮುಚ್ಚಿರಬೇಕು. ಸೋಡಾ ನೀರು ಸೆಲ್ಲಿನೊಳಗೆ ಇಳಿದರೆ ಹೊರಗಿನ ಆಮ್ಲದ ಜತೆ ಒಳಗಿನ ಆಮ್ಲವನ್ನೂ ಕೊಲ್ಲುತ್ತದೆ.

ಕೋಲಾ ಸುರಿಯುವ ಹೊಸ ಹುಚ್ಚು ಮೊಬೈಲ್ ವಿಡಿಯೋಗಳಿಂದ ಬಂದದ್ದು. ಅದರಲ್ಲಿರುವುದು ಫಾಸ್ಫಾರಿಕ್ ಆಮ್ಲ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಉಜ್ಜಿದರೆ ಹೊಳಪು ಬರುವಂತೆ ಕೋಲಾಕ್ಕೂ ಕ್ಲ್ಯಾಂಪ್ ಹೊಳೆಯುತ್ತದೆ, ನಿಜ. ಆದರೆ ಆಮ್ಲದಿಂದಲೇ ಬಂದ ರೋಗಕ್ಕೆ ಇನ್ನೊಂದು ಆಮ್ಲ ಸುರಿದು, ಮೇಲೆ ಸಕ್ಕರೆಯ ಅಂಟು ಬಿಟ್ಟು ಬರುವುದರಲ್ಲಿ ಯಾವ ಲಾಭವೂ ಇಲ್ಲ. ಆ ಅಂಟಿನ ಮೇಲೆ ಒಕ್ಕಣೆ ಕಾಲದ ರಾಗಿ ಧೂಳು ಕೂತರೆ ಕೇಳುವುದೇ ಬೇಡ. ಕೋಲಾ ಕುಡಿಯುವುದಕ್ಕೇ ಇರಲಿ.

ಸುತ್ತಿಗೆಯ ಮೇಲೆ ನನಗೆ ಸಿಟ್ಟೇ ಇದೆ. ಪ್ಲಸ್ ಕಂಬ ಮೈನಸ್ ಕಂಬಕ್ಕಿಂತ ಸ್ವಲ್ಪ ದಪ್ಪ. ತಪ್ಪು ಕಡೆ ಜೋಡಿಸದಿರಲಿ ಎಂದೇ ಹಾಗೆ ಮಾಡಿರುವುದು. ಅದೂ ಅಲ್ಲದೆ ಜಪಾನ್ ಅಳತೆಯ ತೆಳು ಕಂಬದ ಬ್ಯಾಟರಿಗಳೂ ಮಾರುಕಟ್ಟೆಯಲ್ಲಿವೆ. ಹೊಸ ಬ್ಯಾಟರಿಗೆ ಹಳೆ ಕ್ಲ್ಯಾಂಪ್ ಕೂರದಿದ್ದರೆ ನಮ್ಮ ಗ್ಯಾರೇಜಿನ ಉತ್ತರ ಎರಡೇ. ಬಿಗಿಯಾದರೆ ಸುತ್ತಿಗೆ, ಸಡಿಲವಾದರೆ ನಡುವೆ ತಗಡಿನ ಚೂರು. ಸೀಸ ಮೆತ್ತನೆಯ ಲೋಹ, ಪೆಟ್ಟು ಬಿದ್ದರೆ ಕಂಬದ ಬುಡದ ಸೀಲ್ ಬಿರಿಯುತ್ತದೆ. ಆಮ್ಲ ಮೇಲೇರುವುದು ಆ ಬಿರುಕಿನಿಂದಲೇ. ಅಂದರೆ ಕಿಲುಬು ತೆಗೆದ ಕೈಯೇ ಅದು ಮತ್ತೆ ಬರಲು ಬಾಗಿಲು ತೆರೆದು ಕಳಿಸಿತು. ಕ್ಲ್ಯಾಂಪನ್ನು ಸ್ಕ್ರೂಡ್ರೈವರಿನಿಂದ ತುಸು ಅಗಲಿಸಿ, ಬುಡದ ತನಕ ಕೈಯಿಂದ ಇಳಿಸಿ, ಸ್ಪ್ಯಾನರಿನಲ್ಲಿ ಬಿಗಿದರೆ ಮುಗಿಯಿತು. ಹೊಂದದಿದ್ದರೆ ಅಳತೆಗೆ ಸರಿಯಾದ ಹೊಸ ಕ್ಲ್ಯಾಂಪ್. ತಗಡು ಹಾಕಿದಲ್ಲಿ ಎರಡು ಬೇರೆ ಲೋಹ, ನಡುವೆ ಆಮ್ಲದ ತೇವ. ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟಿ ಲೋಹವನ್ನು ತಿನ್ನುತ್ತದೆ.

ಗ್ರೀಸಿನ ವಿಷಯದಲ್ಲಿ ತಪ್ಪಿರುವುದು ಕ್ರಮ. ಗ್ರೀಸ್ ವಿದ್ಯುತ್ ಹಾಯಿಸುವುದಿಲ್ಲ, ಹಾಗಾಗಿ ಕಂಬಕ್ಕೆ ಮೊದಲೇ ಮೆತ್ತಿ ಕ್ಲ್ಯಾಂಪ್ ಹಾಕುವುದು ಸರಿಯಲ್ಲ. ಒಣಗಿದ, ಹೊಳೆಯುವ ಲೋಹಕ್ಕೆ ಲೋಹ ಕೂರಿಸಿ ಬಿಗಿದ ಮೇಲೆ ಹೊರಗಿನಿಂದ ತೆಳುವಾಗಿ ಸವರಬೇಕು. ಗಾಳಿಯನ್ನೂ ಆಮ್ಲದ ಹಬೆಯನ್ನೂ ದೂರವಿಡುವುದಷ್ಟೇ ಅದರ ಕೆಲಸ. ವ್ಯಾಸಲಿನ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕೊಬ್ಬರಿ ಎಣ್ಣೆ ಬೇಡ; ಸುಮಾರು 24 ಡಿಗ್ರಿಗೇ ಕರಗುವ ಎಣ್ಣೆ ಎಂಜಿನ್ ಪಕ್ಕದಲ್ಲಿ ಎಷ್ಟು ಹೊತ್ತು ನಿಂತೀತು? ಬಿಚ್ಚುವ ಕ್ರಮವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಮೈನಸ್ ಇದ್ದಂತೆಯೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ಶೇ 4ರಷ್ಟಿದ್ದರೂ ಆ ಕಿಡಿಗೆ ಸಾಕು.

ಇಷ್ಟೆಲ್ಲ ಮಾಡಿಯೂ ಪುಡಿ ಮರಳಿ ಬಂದರೆ ದೋಷ ಟರ್ಮಿನಲ್‌ನಲ್ಲಿಲ್ಲ. ಎಂಜಿನ್ ಓಡುವಾಗ ಬ್ಯಾಟರಿಗೆ 13.8ರಿಂದ 14.4 ವೋಲ್ಟ್ ಸಿಗಬೇಕು. ಚಾರ್ಜ್ ನಿಯಂತ್ರಿಸುವ ಕಟೌಟ್ ಕೆಟ್ಟು 15 ದಾಟಿದ್ದರೆ ಬ್ಯಾಟರಿ ಒಳಗೇ ಕುದಿಯುತ್ತಿದೆ ಎಂದು ತಿಳಿಯಬೇಕು. ಡಿಸ್ಟಿಲ್ಡ್ ವಾಟರ್ ಬಾಟಲಿಯಲ್ಲಿ ಉಳಿದದ್ದು ದಂಡವಾಗಬಾರದೆಂದು ಗೆರೆ ಮೀರಿ ತುಂಬುವ ಮಿತವ್ಯಯವೂ ಹೀಗೆಯೇ. ಚಾರ್ಜಿಗೆ ಉಬ್ಬಿದ ನೀರು ಆಮ್ಲ ಹೊತ್ತು ಉಕ್ಕುತ್ತದೆ. ಮಟ್ಟ ಇಳಿದಾಗ ನೀರಿನ ಬದಲು ಆಸಿಡ್ ಹಾಕಿಸುವವರು ಇನ್ನೂ ಇದ್ದಾರೆ. ಬೋರ್‌ವೆಲ್ ನೀರಿನ ಬಗ್ಗೆ ಮಾತೇ ಬೇಡ. ಸೀಲ್ ಮಾಡಿದ ಬ್ಯಾಟರಿಗಳು ಈ ಕಾಟವನ್ನು ಬಹಳ ತಗ್ಗಿಸಿವೆ, ಒಪ್ಪಬೇಕಾದ ಮಾತು.

ಬ್ಯಾಟರಿ ಬೇಗ ಸಾಯುವುದಕ್ಕೆ ಬಿಸಿಲೂ ಒಂದು ಕಾರಣ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆಂಬುದು ಈ ಕಸುಬಿನ ಸ್ಥೂಲ ಲೆಕ್ಕ. ಹುಲಿಕಲ್‌ನಿಂದ ಕುದೂರಿಗೆ ಬರುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ನೀರು ಹೊತ್ತು ಬೆಳೆಸಿದ ಆಲದ ಸಾಲಿನ ಕೆಳಗೆ ಗಾಡಿ ನಿಲ್ಲಿಸುವವರು ತಿಳಿದೋ ತಿಳಿಯದೆಯೋ ಬ್ಯಾಟರಿಗೂ ಉಪಕಾರ ಮಾಡುತ್ತಿದ್ದಾರೆ.

ವಾಡಿಕೆಯಲ್ಲಿ ನಾನು ಸೊನ್ನೆ ಅಂಕ ಕೊಡುವುದು ಒಂದಕ್ಕೆ: ತೊಳೆದ ನೀರು ಹೋಗುವ ಜಾಗಕ್ಕೆ. ಆ ಬಿಳಿ ಪುಡಿಯಲ್ಲಿರುವುದು ಸೀಸ. ಒಣಗಿದ್ದಾಗಲೇ ವೈರ್ ಬ್ರಷ್ ಆಡಿಸಿದರೆ ಧೂಳು ಮೂಗಿಗೆ ಹೋಗುತ್ತದೆ. ಕೈ ಪಂಚೆಗೆ ಒರೆಸಿಕೊಂಡು ಹಾಗೇ ಟೀ ಜತೆ ಬನ್ನು ತಿಂದರೆ ಹೊಟ್ಟೆಗೆ. ನೀರು ಹರಿಯುವುದು ದನ ನೀರು ಕುಡಿಯುವ ತೊಟ್ಟಿಯ ಬದಿಗೋ ಮಕ್ಕಳು ಆಡುವ ಅಂಗಳಕ್ಕೋ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ದಶಕಗಳಿಂದ ಎಚ್ಚರಿಸುತ್ತ ಬಂದಿದ್ದಾರೆ. ಜಗತ್ತಿನ ಮೂರರಲ್ಲೊಂದು ಮಗುವಿನ ರಕ್ತದಲ್ಲಿ ಸೀಸ ಆತಂಕದ ಮಟ್ಟದಲ್ಲಿದೆ ಎಂದು ಯುನಿಸೆಫ್ ವರದಿ ಹೇಳಿದ್ದು 2020ರಲ್ಲಿ. ಅಡ್ಡಾದಿಡ್ಡಿಯಾಗಿ ಒಡೆದು ಕರಗಿಸುವ ಹಳೆ ಬ್ಯಾಟರಿಗಳು ಅದಕ್ಕೊಂದು ದೊಡ್ಡ ಕಾರಣ. ಹಳೆ ಬ್ಯಾಟರಿಗೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ತೊಳೆದ ಚೊಂಬು ನೀರನ್ನು ಯಾವ ನಿಯಮವೂ ಹಿಂಬಾಲಿಸಿ ಬರುವುದಿಲ್ಲ. ಪುಡಿಯನ್ನು ಒದ್ದೆ ಮಾಡಿಯೇ ತೆಗೆಯುವುದು, ಹಳೆ ಬಟ್ಟೆಯಲ್ಲಿ ಹೀರಿಸಿ ಕವರಿಗೆ ಕಟ್ಟಿಡುವುದು, ಕೈಗೆ ಗ್ಲೌಸ್, ಆಮೇಲೆ ಸೋಪು. ಖರ್ಚಿನ ಬಾಬ್ತೇನೂ ಅಲ್ಲ.

ಆದರೂ ಇದು ಯಾಕೆ ನಡೆಯುವುದಿಲ್ಲ ಎಂಬುದಕ್ಕೆ ಮೆಕ್ಯಾನಿಕ್ಕನೊಬ್ಬನನ್ನೇ ದೂರುವುದು ಅನ್ಯಾಯ. ಬಿಚ್ಚಿ, ಸೋಡಾದಲ್ಲಿ ತೊಳೆದು, ಒಣಗಿಸಿ, ಬಿಗಿದು, ವ್ಯಾಸಲಿನ್ ಸವರಿ, ಮೀಟರಿನ ಒಂದು ಕಡ್ಡಿ ಕಂಬಕ್ಕೂ ಇನ್ನೊಂದು ಕ್ಲ್ಯಾಂಪಿಗೂ ಇಟ್ಟು ಸೆಲ್ಫ್ ಹೊಡೆಯುವಾಗ 0.2 ವೋಲ್ಟಿಗಿಂತ ಕಡಿಮೆ ಇದೆಯೇ ಎಂದು ನೋಡಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ಗಿರಾಕಿ ಕೊಡುವುದು ಟೀ ಕಾಸು, ಅದೂ ಚೌಕಾಸಿ ಮಾಡಿ. ಸಾವಿರಗಟ್ಟಲೆ ಕೊಟ್ಟು ಹೊಸ ಬ್ಯಾಟರಿ ಕೊಳ್ಳುವಾಗ ಅವನೇ ಮರುಮಾತಾಡುವುದಿಲ್ಲ.